ಮೊದಲು ಒಂದು ಸೈಟನ್ನು ಅಳಿಸಿ, ಮತ್ತೆ ಎಬ್ಬಿಸಿ ನೋಡಿ

ವಿಜಯಪುರದಿಂದ ಒಬ್ಬ ಓದುಗರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರ ಪತ್ರದ ಮುಖ್ಯ ಭಾಗ ಇಷ್ಟು:

"ನನಗೆ 24 ವರ್ಷ. ಬಿಸಿಎ ಮುಗಿಸಿದ್ದೇನೆ. ಎರಡು ವರ್ಷದಿಂದ ಊರಿನ ಅಂಗಡಿ, ಕೋಚಿಂಗ್ ಕ್ಲಾಸು, ದವಾಖಾನೆಗಳಿಗೆ ವರ್ಡ್‌ಪ್ರೆಸ್‌ನಲ್ಲಿ ವೆಬ್‌ಸೈಟ್ ಮಾಡಿಕೊಡುತ್ತಿದ್ದೇನೆ. ಇಲ್ಲಿವರೆಗೆ 14 ಆಗಿವೆ. ಈಗ ಸ್ವಂತ ಹೋಸ್ಟಿಂಗ್ (ಸದಾ ಚಾಲೂ ಇರುವ ಸರ್ವರ್ ಕಂಪ್ಯೂಟರಿನಲ್ಲಿ ವೆಬ್‌ಸೈಟಿಗೆ ಜಾಗ ಬಾಡಿಗೆ ಕೊಡುವ) ಕಂಪನಿ ಶುರು ಮಾಡುವ ಆಸೆ. ತಿಂಗಳಿಗೆ 1,500 ರೂಪಾಯಿಗೆ ಒಂದು ರಿಸೆಲ್ಲರ್ ಪ್ಲಾನ್ (ದೊಡ್ಡ ಕಂಪನಿಯಿಂದ ಜಾಗ ಕೊಂಡು ಬೇರೆಯವರಿಗೆ ಹಂಚಿ ಮಾರುವ ಏರ್ಪಾಡು) ಸಿಗುತ್ತದೆ. ವರ್ಷಕ್ಕೆ 2,000 ರೂಪಾಯಿಯಂತೆ 50 ಗಿರಾಕಿಗಳು ಸಿಕ್ಕರೂ ಸಾಕು. ಸರ್ವರ್ ನಡೆಸುವ ಲಿನಕ್ಸ್ ನನಗೆ ಅಷ್ಟಾಗಿ ಬರುವುದಿಲ್ಲ. ಆದರೆ ಎಲ್ಲವನ್ನೂ ಪ್ಯಾನೆಲ್ಲೇ (ಬಟನ್ ಒತ್ತಿ ಸರ್ವರ್ ನೋಡಿಕೊಳ್ಳುವ ತಂತ್ರಾಂಶ) ಮಾಡುತ್ತದೆ ಎಂದು ಗೆಳೆಯ ಹೇಳುತ್ತಾನೆ. ತಿಕೋಟಾ ಹತ್ತಿರ ನಮ್ಮ ದ್ರಾಕ್ಷಿ ತೋಟ ಇದೆ. ಈ ಸಲ ಒಣದ್ರಾಕ್ಷಿ ಮಾರಿದ ದುಡ್ಡಿನಲ್ಲಿ 3 ಲಕ್ಷ ಕೊಡಲು ಅಪ್ಪ ಒಪ್ಪಿದ್ದಾರೆ. ಅನುಭವ ಕಡಿಮೆ ಇದೆ ನಿಜ. ಶುರು ಮಾಡಿದರೆ ತಾನಾಗಿಯೇ ಬರುತ್ತದೆ, ಅಲ್ವಾ?"

ಪ್ರೀತಿಯ ತಮ್ಮ,

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಹೌದು, ಮಾಡುತ್ತಾ ಮಾಡುತ್ತಾ ಅನುಭವ ಬರುತ್ತದೆ. ಆದರೆ ನೀವು ಕಲಿಯುವಾಗ ಆಗುವ ತಪ್ಪಿಗೆ ದುಡ್ಡು ತೆರುವವರು ಯಾರು? ಸೈಟ್ ಮಾಡುವಾಗ ಬಣ್ಣ ಕೆಟ್ಟರೆ ಮಾರನೆ ದಿನ ಸರಿ ಮಾಡುತ್ತೀರಿ. ಹೋಸ್ಟಿಂಗ್‌ನಲ್ಲಿ ಕೈ ತಪ್ಪಿದರೆ ಗಿರಾಕಿಯ ಐದು ವರ್ಷದ ಆರ್ಡರು, ಫೋಟೊ, ಮೇಲ್ ಎಲ್ಲ ಒಂದೇ ರಾತ್ರಿ ಹೋಗಬಹುದು. ಅವುಗಳಲ್ಲಿ ಒಂದೂ ನಿಮ್ಮದಲ್ಲ.

ನಿಮ್ಮ ಮನೆಯಲ್ಲೇ ಇದಕ್ಕೆ ಹೋಲಿಕೆ ಇದೆ. ಅಪ್ಪ ಒಣದ್ರಾಕ್ಷಿಯನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿರಬಹುದು. ರೇಟು ಬರುವವರೆಗೆ ತಿಂಗಳುಗಟ್ಟಲೆ ಮಾಲು ಅಲ್ಲೇ ಇರುತ್ತದೆ. ಕರೆಂಟ್ ಹೋದರೆ ಜನರೇಟರ್ ಹಚ್ಚಲು ಅಲ್ಲೊಬ್ಬ ಎಚ್ಚರ ಇರುತ್ತಾನೆ ಎಂದು ನಂಬಿಯೇ ಅಪ್ಪ ಬಾಡಿಗೆ ಕೊಡುತ್ತಾರೆ. ಜನರೇಟರ್ ಹಚ್ಚುವುದನ್ನು ಇನ್ನೂ ಕಲಿಯುತ್ತಿರುವವರ ಹತ್ತಿರ ಅವರು ಮಾಲು ಇಡುತ್ತಾರಾ? ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ ನೋಡಿ.

ನಮ್ಮ ಪತ್ರಿಕೆಗೇ ಆದದ್ದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ಸಂಚಿಕೆಗಳನ್ನೆಲ್ಲ ವೆಬ್‌ಸೈಟಿಗೆ ಹಾಕಿಸಿದ್ದೆವು. ನೋಡಿಕೊಳ್ಳುತ್ತಿದ್ದವನು ನಿಮ್ಮಂಥದೇ ಹುಡುಗ. ಬುದ್ಧಿವಂತ, ಮೃದು ಮಾತಿನವನು. ರಿಸೆಲ್ಲರ್ ಜಾಗ ಕೊಂಡು ಹತ್ತಿಪ್ಪತ್ತು ಜನರಿಗೆ ಹಂಚಿದ್ದ. ಮೊದಲ ಎರಡು ವರ್ಷ ಏನೂ ತೊಂದರೆ ಆಗಲಿಲ್ಲ. ಆಮೇಲೆ ಅವನಿಗೆ ಪುಣೆಯಲ್ಲಿ ನೌಕರಿ ಸಿಕ್ಕಿತು. ಒಂದು ದಿನ ಸಂಕ್ರಾಂತಿ ಸಂಚಿಕೆ ಹೊರಡುವ ವಾರದಲ್ಲೇ ಸೈಟ್ ತೆರೆಯಲಿಲ್ಲ. ಫೋನ್ ಮಾಡಿದರೆ ಅವನು ಡ್ಯೂಟಿಯಲ್ಲಿದ್ದ. ರಾತ್ರಿ ನೋಡಿ ಹೇಳಿದ: ಸರ್ವರಿನ ಡಿಸ್ಕ್ ಹೋಗಿದೆ, ಬ್ಯಾಕಪ್ ಕೂಡ ಅದೇ ಡಿಸ್ಕಿನಲ್ಲಿತ್ತು. ಅವನು ಜಾಗ ಕೊಂಡಿದ್ದ ಮೇಲಿನ ಕಂಪನಿಗೆ ಬರೆದ. ನಿಮ್ಮ ಬ್ಯಾಕಪ್ ನಿಮ್ಮ ಜವಾಬ್ದಾರಿ ಎಂದು ಅವರು ಒಂದು ಸಾಲಿನ ಉತ್ತರ ಕಳಿಸಿದರು. ಕರಾರಿನಲ್ಲಿ ಹಾಗೇ ಬರೆದಿತ್ತು. ಅವನು ಅದನ್ನು ಓದಿರಲಿಲ್ಲ.

ಕೆಲವು ಪುಟಗಳು, ಹಳೆಯ ವೆಬ್ ಪುಟಗಳ ಪ್ರತಿ ಕೂಡಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಉಳಿದಿದ್ದವು. ಅಲ್ಲಿಂದ ಒಂದೊಂದಾಗಿ ಹೆಕ್ಕಿದೆವು. ಆದರೆ ನಮ್ಮ ಒಬ್ಬ ಹಿರಿಯ ಅಂಕಣಕಾರರು ವೆಬ್‌ಸೈಟಿಗೆಂದೇ ಬರೆದಿದ್ದ ಬರಹಗಳು ಸಿಗಲಿಲ್ಲ. ಅವರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮಗಳು ಫೋನ್ ಮಾಡಿ, "ಅಪ್ಪಾ ಬರೆದದ್ದು ಈಗ ಎಲ್ಲಿ ಓದಬಹುದು ಸರ್?" ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಆ ಹುಡುಗನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಅವನು ಮೋಸ ಮಾಡಲಿಲ್ಲ. ತಾನು ಏನನ್ನು ಮೈಮೇಲೆ ಹಾಕಿಕೊಂಡಿದ್ದೇನೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ನಿಮ್ಮ ಪತ್ರ ಓದಿದಾಗ ಅವನೇ ನೆನಪಾದ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಸಣ್ಣವರಷ್ಟೇ ಹೀಗೆ ಎಡವುತ್ತಾರೆ ಅಂತಲ್ಲ. 2017ರ ಜನವರಿ 31ರ ರಾತ್ರಿ, ಪ್ರೋಗ್ರಾಮರುಗಳ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ತುಂಬ ಹೊತ್ತಿನಿಂದ ಕೆಲಸ ಮಾಡುತ್ತಿದ್ದರು. ಒಂದು ಸರ್ವರ್ ಎಂದುಕೊಂಡು ಇನ್ನೊಂದರಲ್ಲಿ ಅಳಿಸುವ ಆದೇಶ ಕೊಟ್ಟರು. ಅದು ಮುಖ್ಯ ಡೇಟಾಬೇಸ್ ಆಗಿತ್ತು. ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ಬ್ಯಾಕಪ್‌ಗೆ ಐದು ಬಗೆಯ ಏರ್ಪಾಡು ಇದ್ದವು. ಒಂದೂ ಸರಿಯಾಗಿ ನಡೆಯುತ್ತಿರಲಿಲ್ಲ. ಅದೇ ಎಂಜಿನಿಯರ್ ಆರು ತಾಸು ಮೊದಲು ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಪ್ರತಿ ಅವರನ್ನು ಕಾಪಾಡಿತು. ಇನ್ನು 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಹೋಸ್ಟಿಂಗ್ ಕಂಪನಿಯ ಡೇಟಾ ಸೆಂಟರಿಗೆ (ಸರ್ವರುಗಳನ್ನು ಇಡುವ ಕಟ್ಟಡ) ಬೆಂಕಿ ಬಿತ್ತು. ಐದು ಮಹಡಿಯ ಕಟ್ಟಡ ಸುಟ್ಟುಹೋಯಿತು. ಬ್ಯಾಕಪ್ ಅನ್ನೂ ಅಲ್ಲೇ ಇಟ್ಟಿದ್ದ ಎಷ್ಟೋ ಗಿರಾಕಿಗಳು ಎರಡನ್ನೂ ಕಳೆದುಕೊಂಡರು.

ಈಗ ನಿಮ್ಮ ಗೆಳೆಯರ ಮಾತಿಗೆ ಬರೋಣ. ಪ್ಯಾನೆಲ್ ನಿಜಕ್ಕೂ ಬಹಳ ಕೆಲಸ ಮಾಡುತ್ತದೆ. ಖಾತೆ ತೆರೆಯುತ್ತದೆ, ಡೇಟಾಬೇಸ್ ಮಾಡಿಕೊಡುತ್ತದೆ, ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟನ್ನು (ಸೈಟಿನ ಸಂಪರ್ಕ ಸುರಕ್ಷಿತ ಎಂದು ತೋರಿಸುವ ಪತ್ರ) ತಾನೇ ನವೀಕರಿಸುತ್ತದೆ. ಎಲ್ಲ ಸರಿ ಇರುವ ದಿನ ಅದರಷ್ಟು ಒಳ್ಳೆಯ ಆಳು ಇಲ್ಲ. ಕೆಟ್ಟ ದಿನ ಮಾತ್ರ ನೀವೇ ಒಳಗೆ ಇಳಿಯಬೇಕು. ಡಿಸ್ಕ್ ಯಾಕೆ ತುಂಬಿತು? ಯಾವ ಸೈಟ್ ಮೆಮೊರಿ ಎಲ್ಲ ನುಂಗುತ್ತಿದೆ? ಸರ್ವರಿನಲ್ಲಿ ನಡೆದದ್ದನ್ನೆಲ್ಲ ದಾಖಲಿಸುವ ಲಾಗ್‌ನಲ್ಲಿ ಏನು ಬರೆದಿದೆ? ರಿಸೆಲ್ಲರ್ ಆದರೆ ಇನ್ನೂ ಕಷ್ಟ. ಸರ್ವರಿನ ಕೀಲಿಕೈ ನಿಮ್ಮ ಕೈಯಲ್ಲಿ ಇರುವುದೇ ಇಲ್ಲ. ಮೇಲಿನವರಿಗೆ ಟಿಕೆಟ್ (ಆನ್‌ಲೈನ್ ದೂರು) ಹಾಕಿ ಕಾಯಬೇಕು. ಗಿರಾಕಿ ಮಾತ್ರ ನಿಮಗೇ ಫೋನ್ ಮಾಡುತ್ತಾರೆ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಮೇಲ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ 50 ಗಿರಾಕಿಗಳು ಒಂದೇ ಸರ್ವರಿನಲ್ಲಿ, ಒಂದೇ ಐಪಿ ವಿಳಾಸದಲ್ಲಿ (ಇಂಟರ್ನೆಟ್ಟಿನಲ್ಲಿ ಸರ್ವರನ್ನು ಗುರುತಿಸುವ ಸಂಖ್ಯೆ) ಇರುತ್ತಾರೆ. ಅವರಲ್ಲೊಂದು ಕೋಚಿಂಗ್ ಕ್ಲಾಸಿನ ಸೈಟಿನಲ್ಲಿ ಹಳೆಯ ಪ್ಲಗಿನ್ (ಸೈಟಿಗೆ ಸೇರಿಸುವ ಸಣ್ಣ ತಂತ್ರಾಂಶ) ಇದೆ ಎಂದುಕೊಳ್ಳಿ. ಯಾರೋ ಅದರೊಳಗೆ ನುಗ್ಗಿ ರಾತ್ರಿಯಿಡೀ ಸಾವಿರಾರು ಕಸದ ಮೇಲ್ ಕಳಿಸುತ್ತಾರೆ. ಬೆಳಗಾಗುವಷ್ಟರಲ್ಲಿ ನಿಮ್ಮ ಐಪಿ ಕಪ್ಪುಪಟ್ಟಿಗೆ ಸೇರಿರುತ್ತದೆ. ಆಗ ಏನೂ ತಪ್ಪು ಮಾಡದ ಒಣದ್ರಾಕ್ಷಿ ವ್ಯಾಪಾರಿ ದಿಲ್ಲಿಗೆ ಕಳಿಸಿದ ಕೊಟೇಶನ್ ಕೂಡ ಸ್ಪ್ಯಾಮ್‌ಗೆ ಬೀಳುತ್ತದೆ. ಬಿದ್ದದ್ದು ಅವರಿಗೆ ಗೊತ್ತಾಗುವುದಿಲ್ಲ. ಆರ್ಡರ್ ಯಾಕೆ ಬರಲಿಲ್ಲ ಎಂದು ಎರಡು ವಾರ ಕಾಯುತ್ತಾರೆ. ಪಟ್ಟಿಯಿಂದ ಹೆಸರು ತೆಗೆಸಲು ದಿನಗಳು ಬೇಕು. ಮೊದಲು ನುಗ್ಗಿದ ದಾರಿ ಮುಚ್ಚಬೇಕು, ಇಲ್ಲದಿದ್ದರೆ ಮತ್ತೆ ಅದೇ ಪಟ್ಟಿಗೆ ಸೇರುತ್ತೀರಿ. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ, ಮೇಲ್ ನಿಜವಾದ ಜಾಗದಿಂದಲೇ ಬಂದದ್ದು ಎಂದು ತೋರಿಸುವ ಮೂರು ದಾಖಲೆಗಳನ್ನು ಇಂಟರ್ನೆಟ್ಟಿನ ವಿಳಾಸಪಟ್ಟಿಯಾದ ಡಿಎನ್‌ಎಸ್‌ನಲ್ಲಿ ಸರಿಯಾಗಿ ಬರೆಯುವುದು ಈಗ ಬೇಡವೆನ್ನುವ ಹಾಗಿಲ್ಲ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಇದರಲ್ಲಿ ಬಿಗಿಯಾಗಿವೆ. ನನ್ನ ಮಾತು ಕೇಳಿ, ಮೊದಲ ಎರಡು ವರ್ಷ ಮೇಲ್ ಉಸಾಬರಿಯೇ ಬೇಡ. ಗಿರಾಕಿಗಳಿಗೆ ಗೂಗಲ್ ವರ್ಕ್‌ಸ್ಪೇಸ್ ಅಥವಾ ಜೊಹೊ ಮೇಲ್ ಮಾಡಿಸಿಕೊಡಿ. ಸೈಟ್ ಒಂದು ಕಡೆ, ಮೇಲ್ ಒಂದು ಕಡೆ ಇರಲಿ.

ನಿಮ್ಮ ಲೆಕ್ಕವನ್ನೂ ನೋಡಿದೆ. 50 ಗಿರಾಕಿಗಳಿಂದ ವರ್ಷಕ್ಕೆ 1 ಲಕ್ಷ. ರಿಸೆಲ್ಲರ್ ಪ್ಲಾನಿಗೆ 18,000 ಹೋಯಿತು. ಬಿಲ್ಲಿಂಗ್ ಸಾಫ್ಟ್‌ವೇರ್, ಬೇರೆ ಕಡೆ ಇಡುವ ಬ್ಯಾಕಪ್, ಲೆಕ್ಕಪತ್ರದವರ ಫೀ ಕಳೆಯಿರಿ. ತಿಂಗಳಿಗೆ ಆರು ಸಾವಿರ ಕೈಗೆ ಬಂದರೆ ಹೆಚ್ಚು. ಅದಕ್ಕೆ ಬದಲಾಗಿ 50 ಜನರಿಗೆ ರಾತ್ರಿ ಹಗಲು ಫೋನ್ ಎತ್ತಬೇಕು. ಮೇಲಿನವರು ರೇಟು ಏರಿಸಿದರೆ ಆ ಆರು ಸಾವಿರವೂ ಕರಗುತ್ತದೆ. 2019ರಲ್ಲಿ ಪ್ಯಾನೆಲ್ ತಂತ್ರಾಂಶ ಮಾರುವ ಸಿಪ್ಯಾನೆಲ್ ಕಂಪನಿ ಸರ್ವರಿಗಿಷ್ಟು ಎಂಬ ದರ ಬಿಟ್ಟು, ಖಾತೆಗಳ ಎಣಿಕೆಯ ಮೇಲೆ ದರ ಹಾಕಲು ಶುರು ಮಾಡಿತು. ಅಗ್ಗದ ಬೆಲೆಗೆ ನೂರಾರು ಖಾತೆ ತುಂಬಿಕೊಂಡಿದ್ದ ಸಣ್ಣ ಹೋಸ್ಟಿಂಗ್‌ನವರಿಗೆ ದೊಡ್ಡ ಪೆಟ್ಟು ಬಿತ್ತು. ಗಿರಾಕಿಗಳಿಂದ ವರ್ಷದ ಹಣ ಮೊದಲೇ ತೆಗೆದುಕೊಂಡಾಗಿತ್ತು, ನಡುವೆ ಜಾಸ್ತಿ ಕೇಳುವ ಹಾಗಿರಲಿಲ್ಲ.

'ಅನ್‌ಲಿಮಿಟೆಡ್' ಎಂದು ಬರೆಯುವ ಯೋಚನೆ ಇದ್ದರೆ ಕೈಬಿಡಿ. ಡಿಸ್ಕಿಗೆ ಒಂದು ಅಳತೆ ಇದ್ದೇ ಇದೆ. '99.9 ಪರ್ಸೆಂಟ್ ಅಪ್‌ಟೈಮ್' ಎಂದು ಬರೆಯುವ ಮೊದಲೂ ಲೆಕ್ಕ ಹಾಕಿ. ವರ್ಷಕ್ಕೆ ಒಟ್ಟು ಎಂಟು ಮುಕ್ಕಾಲು ಗಂಟೆ ಮಾತ್ರ ಸೈಟ್ ನಿಲ್ಲಬಹುದು ಎಂದರ್ಥ. ನೀವು ಒಬ್ಬರೇ. ಇಂಡಿ ಊರಿನಲ್ಲಿ ಅಕ್ಕನ ಮಗಳ ಮದುವೆಗೆ ಹೋದ ಒಂದು ದಿನಕ್ಕೇ ಅದು ಮುಗಿದುಹೋಗುತ್ತದೆ. ಜ್ವರ ಬಂದರೆ? ಹೀಗಾಗಿ ಎಂದಾದರೂ ಶುರು ಮಾಡಿದರೆ ಇಬ್ಬರು ಸೇರಿಯೇ ಮಾಡಿ. ಒಬ್ಬರು ಮಲಗಿದಾಗ ಇನ್ನೊಬ್ಬರ ಫೋನ್ ಬಡಿದುಕೊಳ್ಳಬೇಕು.

ಕಾನೂನಿನ ಒಂದು ಮಾತು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಸೈಬರ್ ದಾಳಿಯಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ವಿಪಿಎಸ್ (ದೊಡ್ಡ ಸರ್ವರಿನ ಒಂದು ಪಾಲನ್ನು ಸ್ವಂತ ಸರ್ವರಿನಂತೆ ಬಾಡಿಗೆಗೆ ಕೊಡುವುದು), ಕ್ಲೌಡ್ ಸೇವೆ ಕೊಡುವವರು ಗಿರಾಕಿಗಳ ವಿವರವನ್ನು 5 ವರ್ಷ ಕಾಪಾಡಬೇಕು. ನಿಮ್ಮ ಸರ್ವರಿನಲ್ಲಿ ಯಾರೋ ನಕಲಿ ಬ್ಯಾಂಕ್ ಪುಟ ಹಾಕಿದರೆ ಪೊಲೀಸರು ಮೊದಲು ಕೇಳುವುದು ನಿಮ್ಮನ್ನೇ. ಜಿಎಸ್‌ಟಿ ವಿಷಯವನ್ನು ನಿಮ್ಮೂರಿನ ಲೆಕ್ಕಪತ್ರದವರ ಹತ್ತಿರ ಕೂತು ಕೇಳಿ, ಹೊರದೇಶದ ಸರ್ವರ್ ಕೊಳ್ಳುವುದಾದರೆ ಅದನ್ನೂ ಹೇಳಿ ಕೇಳಿ.

ಇಷ್ಟೆಲ್ಲ ಓದಿ ಕುಗ್ಗಬೇಡಿ. ನಿಮ್ಮ ಆಸೆಯಲ್ಲಿ ಒಂದು ನಿಜವಾದ ವಿಷಯ ಇದೆ. ನಮ್ಮ ಭಾಗದ ವ್ಯಾಪಾರಿಗಳಿಗೆ ಕನ್ನಡದಲ್ಲಿ ಮಾತಾಡುವ, ಕರೆದರೆ ಬರುವ ಒಬ್ಬ ಬೇಕೇ ಬೇಕು. ದೊಡ್ಡ ಕಂಪನಿಯ ಇಂಗ್ಲಿಷ್ ಚಾಟ್ ತೆರೆದು ಕೂತು ಕಂಗಾಲಾದ ಎಷ್ಟೋ ಜನರನ್ನು ನಾನು ನೋಡಿದ್ದೇನೆ. ಡೊಮೇನ್ ಹೆಸರನ್ನೇ, ಅಂದರೆ ಸೈಟಿನ ವಿಳಾಸವನ್ನೇ, ಕನ್ನಡ ಲಿಪಿಯಲ್ಲಿ, ಕೊನೆಗೆ '.ಭಾರತ' ಎಂದು ಪಡೆಯಬಹುದು ಎಂಬುದೂ ಬಹಳ ಜನರಿಗೆ ಗೊತ್ತಿಲ್ಲ. ಆ ಜಾಗ ನಿಮ್ಮದಾಗಬಹುದು. ಅದಕ್ಕೆ ಸರ್ವರ್ ಒಡೆಯರಾಗಬೇಕಿಲ್ಲ. ಸದ್ಯಕ್ಕೆ ಗಿರಾಕಿಯ ಹೆಸರಿನಲ್ಲೇ, ಗಿರಾಕಿಯ ದುಡ್ಡಿನಲ್ಲೇ ಒಂದು ನಂಬಿಕಸ್ತ ಹೋಸ್ಟಿಂಗ್ ಕೊಡಿಸಿ. ನೀವು ಉಸ್ತುವಾರಿಗೆ ವರ್ಷಕ್ಕಿಷ್ಟು ಎಂದು ತೆಗೆದುಕೊಳ್ಳಿ. ಪ್ಲಗಿನ್ ಹೊಸದು ಮಾಡುವುದು, ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ಬೇರೆ ಕಡೆ ಇಡುವುದು, ಡೊಮೇನ್ ಅವಧಿ ಮುಗಿಯುವ ಮೊದಲು ನೆನಪಿಸುವುದು. ಈ ಕೆಲಸಕ್ಕೆ 2,000ಕ್ಕಿಂತ ಜಾಸ್ತಿಯನ್ನೇ ಕೇಳಬಹುದು. ಕೇಳಲು ಸಂಕೋಚ ಬೇಡ.

ಕಲಿಕೆಗೆ ದೊಡ್ಡ ಖರ್ಚಿಲ್ಲ. ತಿಂಗಳಿಗೆ ಕೆಲವು ನೂರು ರೂಪಾಯಿಗೆ ಸಣ್ಣ ವಿಪಿಎಸ್ ಸಿಗುತ್ತದೆ. ಅದರಲ್ಲಿ ಡೆಬಿಯನ್ ಅಥವಾ ಅಲ್ಮಾಲಿನಕ್ಸ್ ಎಂಬ ಬಗೆಯ ಲಿನಕ್ಸ್ ಹಾಕಿಕೊಳ್ಳಿ. ಪ್ಯಾನೆಲ್ ಬೇಡ, ಕೈಯಾರೆ ವೆಬ್ ಸರ್ವರ್, ಡೇಟಾಬೇಸ್, ಫೈರ್‌ವಾಲ್ ಹೊಂದಿಸಿ. ನಿಮ್ಮದೇ ಒಂದು ಸೈಟನ್ನು ಅದರಲ್ಲಿ ನಡೆಸಿ. ಬ್ಯಾಕಪ್ ಬೇರೆ ಊರಿನ ಬೇರೆ ಕಂಪನಿಯಲ್ಲಿ ಇಡಿ. ಆಮೇಲೆ ಒಂದು ಭಾನುವಾರ ಬೆಳಗ್ಗೆ ಆ ಸರ್ವರನ್ನು ಪೂರ್ತಿ ಅಳಿಸಿ. ನಿಜವಾಗಿಯೂ ಅಳಿಸಿ. ಗಡಿಯಾರ ನೋಡಿಕೊಂಡು ಹೊಸ ಯಂತ್ರದಲ್ಲಿ ಮೊದಲಿನಂತೆ ಎಬ್ಬಿಸಿ. ಮೊದಲ ಸಲ ಇಡೀ ದಿನ ಹಿಡಿಯಬಹುದು. ಯಾವುದೋ ಪಾಸ್‌ವರ್ಡ್ ಬರೆದಿಟ್ಟಿರುವುದಿಲ್ಲ, ಯಾವುದೋ ಫೋಲ್ಡರ್ ಬ್ಯಾಕಪ್‌ನಲ್ಲಿ ಬಿಟ್ಟುಹೋಗಿರುತ್ತದೆ. ಅವನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ತಿಂಗಳಿಗೊಮ್ಮೆ ಹೀಗೆ ಮಾಡಿ. ಒಂದು ಗಂಟೆಯೊಳಗೆ, ನೋಟ್‌ಬುಕ್ ನೋಡಿಕೊಂಡು, ಕೈ ನಡುಗದೆ ಎಬ್ಬಿಸಲು ಬಂದ ಮೇಲೆ ಬೇರೆಯವರ ಸೈಟ್ ಮುಟ್ಟುವ ಯೋಚನೆ ಮಾಡಿ. ಆಗುವುದಾದರೆ ಬೆಂಗಳೂರಿನಲ್ಲೋ ಪುಣೆಯಲ್ಲೋ ಒಂದು ಹೋಸ್ಟಿಂಗ್ ಕಂಪನಿಯ ಸಪೋರ್ಟ್ ವಿಭಾಗದಲ್ಲಿ ವರ್ಷ ದುಡಿದು ಬನ್ನಿ. ರಾತ್ರಿ ಪಾಳಿ ಇರುತ್ತದೆ, ಸಂಬಳ ಕಡಿಮೆ ಇರಬಹುದು. ಆದರೆ ಇಲ್ಲಿ ಹತ್ತು ವರ್ಷಕ್ಕೆ ಕಾಣುವ ತೊಂದರೆಗಳನ್ನು ಅಲ್ಲಿ ಹತ್ತು ತಿಂಗಳಲ್ಲಿ ಕಾಣುತ್ತೀರಿ. ತಪ್ಪಿದರೆ ತಿದ್ದಲು ಪಕ್ಕದಲ್ಲಿ ಗೊತ್ತಿದ್ದವರು ಇರುತ್ತಾರೆ.

ಅಪ್ಪನ 3 ಲಕ್ಷ ಬ್ಯಾಂಕಿನಲ್ಲೇ ಇರಲಿ. ಒಣದ್ರಾಕ್ಷಿಯ ದುಡ್ಡು ಹೇಗೆ ಬರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಶೆಡ್ಡಿನಲ್ಲಿ ಒಣಗುವ ಹೊತ್ತಿಗೆ ಒಂದು ಅಕಾಲದ ಮಳೆ ಬಿದ್ದರೆ ವರ್ಷದ ದುಡಿಮೆ ಕಪ್ಪಾಗುತ್ತದೆ. ಮುಂದಿನ ಸಲ ಹಾಗಾದರೆ ಆ ಮೂರು ಲಕ್ಷ ತೋಟಕ್ಕೇ ಬೇಕಾಗುತ್ತದೆ.

ಇನ್ನೊಂದು ಕೆಲಸವನ್ನು ತಡಮಾಡದೆ ಮಾಡಿ. ಆಗಲೇ 14 ಸೈಟ್ ಮಾಡಿಕೊಟ್ಟಿದ್ದೀರಿ. ಆ ಡೊಮೇನ್‌ಗಳು ಯಾರ ಹೆಸರಿನಲ್ಲಿವೆ? ನಮ್ಮದು ಆ ಹುಡುಗನ ಹೆಸರಿನಲ್ಲಿತ್ತು, ಅವನ ಹಳೆಯ ಕಾಲೇಜಿನ ಮೇಲ್ ವಿಳಾಸಕ್ಕೆ ಜೋಡಿಸಿತ್ತು. ಅವಧಿ ಮುಗಿಯುತ್ತಿದೆ ಎಂಬ ಸೂಚನೆಗಳು ಯಾರೂ ತೆರೆಯದ ಆ ಪೆಟ್ಟಿಗೆಗೆ ಹೋಗಿ ಬಿದ್ದವು. ಸೈಟ್ ಜೊತೆಗೆ ಹೆಸರೂ ಹೋಯಿತು. ಈಗಿರುವುದು ನಾವು ಹೊಸದಾಗಿ ಕೊಂಡ ಹೆಸರು. ನೀವು ಇವತ್ತೇ ಕೂತು 14ನ್ನೂ ಒಂದೊಂದಾಗಿ ನೋಡಿ. ನಿಮ್ಮ ಹೆಸರಿನಲ್ಲಿ ಇರುವುದನ್ನು ಗಿರಾಕಿಯ ಹೆಸರಿಗೆ, ಅವರು ದಿನಾ ನೋಡುವ ಮೇಲ್ ವಿಳಾಸಕ್ಕೆ ಬದಲಿಸಿ. ಪಾಸ್‌ವರ್ಡನ್ನು ಅವರ ಕೈಗೇ ಕೊಟ್ಟು ಬನ್ನಿ. ಎಷ್ಟು ಬದಲಿಸಬೇಕಾಯಿತು ಎಂದು ನನಗೊಂದು ಕಾರ್ಡ್ ಬರೆಯಿರಿ. ಕಾಯುತ್ತಿರುತ್ತೇನೆ.

— ಸಂಪಾದಕ