ಉ: ಮಳೆಗಾಲದಲ್ಲಿ ಕೆಡುವ ಚರ್ಚ್ ಆರ್ಗನ್

ಜುಲೈ ಬಂತೆಂದರೆ ಸಕಲೇಶಪುರದ ನಿಮ್ಮ ಚರ್ಚಿನ ಕಾಲಿನಿಂದ ತುಳಿಯುವ ಹಳೆಯ ಆರ್ಗನ್‌ನಲ್ಲಿ ಒತ್ತಿದ ಮನೆ (ಬೆರಳಿನಿಂದ ಒತ್ತುವ ಪಟ್ಟಿ) ಮೇಲೇಳುವುದಿಲ್ಲ, ಎರಡು ಸ್ವರ ಅಪಸ್ವರ, ಪೈಪ್ ಆರ್ಗನ್ನಿನಂತೆ ಶ್ರುತಿ ಮಾಡಬಹುದೇ ಎಂದು ಕೇಳಿದ್ದೀರಿ.

ಇದು ರೀಡ್ ಆರ್ಗನ್ ಮಾರಾಯ್ರೆ, ನಮ್ಮ ಹಾರ್ಮೋನಿಯಂನ ದೊಡ್ಡಣ್ಣ. ಪೈಪಿನಲ್ಲಿ ನುಡಿಯುವುದು ಒಳಗಿನ ಗಾಳಿ; ಸೆಕೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ (ಅಕ್ಕಪಕ್ಕದ ಎರಡು ಮನೆಗಳ ಅಂತರ 100 ಸೆಂಟ್). ನಿಮ್ಮದರಲ್ಲಿ ನುಡಿಯುವುದು ರೀಡ್, ಅಂದರೆ ಹಿತ್ತಾಳೆ ನಾಲಗೆ, ಅದು ಹವೆಗೆ ಅಷ್ಟಾಗಿ ಜಗ್ಗುವುದಿಲ್ಲ. ಹಾಗಾಗಿ ತಕ್ಷಣ ಅರ ಹಿಡಿಯಬೇಡಿ. ರೀಡ್ ಹೊರಗೆಳೆದು ಒಣ ಕುಂಚದಿಂದ ಧೂಳು ತೆಗೆಯಿರಿ. ಚಿಕ್ಕಮಗಳೂರಲ್ಲಿ ನಾನು ಬಿಚ್ಚಿದ ಒಂದರಲ್ಲಿ ಸ್ವರ ಸತ್ತಿದ್ದಕ್ಕೆ ಕಾರಣ ಯಾವುದೋ ಹುಳದ ರೆಕ್ಕೆ!

ಆಮೇಲೂ ತಪ್ಪಿದ್ದರೆ, ನಾಲಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಒಂದೆರಡೇ ಗೀರು, ಮತ್ತೆ ಹಾಕಿ ಮೇಲಿನ ಸ್ಥಾಯಿಯ ಅದೇ ಸ್ವರದ ಜೊತೆ ಒತ್ತಿ ಕೇಳಿ. 'ವಂವ್ ವಂವ್' ಎನ್ನುವ ಅಲೆ ನಿಧಾನವಾಗಿ ನಿಂತರೆ ಸೇರಿತು. ಸೆಲೆಸ್ಟ್ ಎಂದು ಬರೆದ ಗುಂಡಿ ಎಳೆದಾಗ ಬರುವ ಅಲೆ ಮಾತ್ರ ಬೇಕೆಂದೇ ಇಟ್ಟದ್ದು, ಅದನ್ನು 'ಸರಿಮಾಡಲು' ಹೋಗಬೇಡಿ.

ಮನೆ ಸಿಕ್ಕಿಕೊಳ್ಳುವುದು ಮರ ನೀರು ಹೀರಿ ಉಬ್ಬುವುದರಿಂದ. ಎಣ್ಣೆ ಹಾಕಿದರೆ ಧೂಳು ಅಂಟುತ್ತದೆ ಅಷ್ಟೆ. ಪೆಟ್ಟಿಗೆಯನ್ನು ಗೋಡೆಯಿಂದ ಒಂದಡಿ ಈಚೆ ಸರಿಸಿ, ಬಿಸಿಲು ಬಿದ್ದ ದಿನ ಕಿಟಕಿ ತೆಗೆದಿಡಿ. ತಿದಿಯ ಬಟ್ಟೆಯನ್ನೂ ನೋಡಿ, ಇಲಿ ಕಡಿದಿರಬಹುದು.