"ಸರೀನಾ ಮಿಸ್?"

(ನನ್ನ ಬಳಿ ಸಲಹೆಗೆ ಬಂದ ಟೀಚರ್ ಒಬ್ಬರ ಕಥೆ ಇದು. ಗುರುತು ಸಿಗದಂತೆ ವಿವರ ಬದಲಿಸಿ, ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಅವರು ಎಂಟನೇ ತರಗತಿಗೆ ಗಣಿತ ಹೇಳಿಕೊಡುವ ಟೀಚರ್. 12 ವರ್ಷದ ಅನುಭವ. ನನ್ನ ಮುಂದೆ ಕೂತು ಹೇಳಿದ ಮೊದಲ ಮಾತೇ ಇದು: "ನನಗೆ ಗಂಟಲು ನೋವು, ಮಕ್ಕಳಿಗೆ ಆರಾಮ." ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

"ಒಂದು ಸಾಲು ಬರೀತಾರೆ, 'ಸರೀನಾ ಮಿಸ್?' ಅಂತಾರೆ. ಇನ್ನೊಂದು ಸಾಲು, ಮತ್ತೆ 'ಸರೀನಾ ಮಿಸ್?' ಪರೀಕ್ಷೆಯಲ್ಲಿ ನಾನು ಪಕ್ಕದಲ್ಲಿ ನಿಂತಿರ್ತೀನಾ?" ರಾತ್ರಿ ನಿದ್ದೆಯಿಲ್ಲ, ಮನೆಯಲ್ಲೂ ಸಿಡಿಮಿಡಿ.

"ಹಾಗೆ ಕೇಳಿದ ತಕ್ಷಣ ನೀವೇನು ಮಾಡ್ತೀರಿ?" ಎಂದೆ.

"ಹೇಳಿಕೊಡ್ತೀನಿ. ಇನ್ನೇನು ಮಾಡಲಿ?"

ಇಲ್ಲಿ ತಪ್ಪಿದ್ದು ನಾನು. ದಿನಾ ಪಾಠದ ಬಗ್ಗೆ ಡೈರಿ ಬರೆಯಿರಿ ಎಂದಷ್ಟೇ ಹೇಳಿ ಕಳಿಸಿದೆ. ಎರಡು ವಾರ ಬಿಟ್ಟು ಬಂದರೆ ಡೈರಿ ತುಂಬಾ ತಮ್ಮನ್ನು ತಾವೇ ಬೈದುಕೊಂಡಿದ್ದಾರೆ. 'ಇವತ್ತೂ ತಾಳ್ಮೆ ಕಳ್ಕೊಂಡೆ.' 'ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ.' ಸುಸ್ತಾದವರ ಕೈಗೆ ಖಾಲಿ ಪುಟ ಕೊಟ್ಟರೆ ಹೀಗೇ ಆಗೋದು, ನನಗೆ ಮೊದಲೇ ಹೊಳೆಯಬೇಕಿತ್ತು.

ದಾರಿ ಬದಲಿಸಿದೆ. ಶಾಲೆಯಲ್ಲಿ ಕೇಳಿಕೊಂಡು ಒಂದು ಪಿರಿಯಡ್ಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಒಬ್ಬರೇ ಕೂತು ಕೇಳಿ, ಆಮೇಲೆ ಅಳಿಸಿಬಿಡಿ ಎಂದೆ. ಎಣಿಸಬೇಕಾದ್ದು ಎರಡೇ: ಎಷ್ಟು ಪ್ರಶ್ನೆ ಕೇಳಿದಿರಿ, ಎಷ್ಟಕ್ಕೆ ನೀವೇ ಉತ್ತರ ಹೇಳಿದಿರಿ.

ಮುಂದಿನ ಸಲ ಒಂದು ಚೀಟಿ ತಂದರು. 31 ಪ್ರಶ್ನೆ, 22ಕ್ಕೆ ಅವರದೇ ಉತ್ತರ. "ಒಬ್ಬ ಹುಡುಗ 'ಅದು ಮಿಸ್, ಆ ಎಕ್ಸ್‌ನ...' ಅಂತ ಶುರು ಮಾಡಿದ್ದ. ನಾನು ಮಧ್ಯೆ ಬಾಯಿ ಹಾಕಿ ಮುಗಿಸಿಬಿಟ್ಟಿದ್ದೀನಿ. ಕ್ಲಾಸಲ್ಲಿ ಗೊತ್ತೇ ಆಗಿರಲಿಲ್ಲ."

ಇದು ಅವರೊಬ್ಬರ ಕಥೆಯಲ್ಲ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ರೆಕಾರ್ಡಿಂಗ್ ಕೇಳಿ ಬರೆದಿದ್ದರು: ಪ್ರಶ್ನೆ ಹಾಕಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು 1 ಸೆಕೆಂಡಿನ ಆಸುಪಾಸು. ಅದು 3 ಸೆಕೆಂಡು ದಾಟಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು.

ಹಾಗಾಗಿ ಅವರಿಗೆ ಹೇಳಿದ್ದು ಇಷ್ಟು. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಮೂರು ಎಣಿಸಿ. ಮಗು ಮಾತು ನಿಲ್ಲಿಸಿದ ಮೇಲೂ ಇನ್ನೊಮ್ಮೆ ಎಣಿಸಿ. 'ಸರೀನಾ?' ಎಂದರೆ 'ಸರಿಯಿದೆಯಾ ಅಂತ ಹೇಗೆ ನೋಡ್ತೀಯಾ?' ಎಂದು ಕೇಳಿ. ಆದರೆ ನೋಡುವ ದಾರಿಯನ್ನು ಮೊದಲು ಬೋರ್ಡಿನ ಮೇಲೆ ಮಾಡಿ ತೋರಿಸಿ: ಬಂದ ಉತ್ತರವನ್ನು ಎಕ್ಸ್ ಜಾಗಕ್ಕೆ ಹಾಕಿ, ಎರಡೂ ಕಡೆ ಸಮ ಬರುತ್ತಾ ನೋಡುವುದು. ಅದಿಲ್ಲದೆ 'ನೀನೇ ನೋಡ್ಕೋ' ಅಂದರೆ ಮಗುವನ್ನು ನಡುನೀರಲ್ಲಿ ಬಿಟ್ಟಂತೆ. ಪೂರ್ತಿ ಸಿಕ್ಕಿಹಾಕಿಕೊಂಡವರಿಗೆ ಒಂದು ಹೆಜ್ಜೆ ಹೇಳಿಕೊಡಿ, ಒಂದೇ. ಡೈರಿಯಲ್ಲಿ ಇನ್ನು ಎರಡೇ ಸಾಲು: ನಾನೇನು ಮಾಡಿದೆ, ಆಮೇಲೆ ಮಗು ಏನು ಮಾಡಿತು. ಒಳ್ಳೆಯದು, ಕೆಟ್ಟದ್ದು ಅಂತ ಬರೆಯೋ ಹಾಗಿಲ್ಲ.

ಮೊದಲ ವಾರ ಪಾಠ ಹಿಂದೆ ಬಿತ್ತು. 'ಮಿಸ್ ಈಗ ಹೇಳಿಕೊಡೋದೇ ಇಲ್ಲ' ಎಂದು ಒಬ್ಬಳು ಮನೆಯಲ್ಲಿ ದೂರಿದಳು, ಅವಳ ಅಮ್ಮ ಶಾಲೆಗೆ ಬಂದರು. ದೂರು ನ್ಯಾಯವಾದದ್ದೇ, ಅಲ್ವಾ? ಯಾಕೆ ಹೀಗೆ ಮಾಡುತ್ತಿದ್ದೇವೆ ಎಂದು ಮಕ್ಕಳಿಗೆ ಯಾರೂ ಹೇಳಿರಲಿಲ್ಲ. ಅದನ್ನು ಟೀಚರ್ ತರಗತಿಯಲ್ಲೇ ಹೇಳಿದರು. ಸಿಲಬಸ್ ಮುಗಿಸಬೇಕಲ್ಲ, ಅದಕ್ಕೇ ವಾರಕ್ಕೆ ಎರಡು ಪಿರಿಯಡ್ ಮಾತ್ರ ಹೀಗೆ ಎಂದು ಇಬ್ಬರೂ ಸೇರಿ ತೀರ್ಮಾನಿಸಿದೆವು.

ಎರಡು ತಿಂಗಳ ನಂತರದ ಒಂದು ಪುಟ ತೋರಿಸಿದರು. 'ನಾನು: ಪಕ್ಕದಲ್ಲಿ ನಿಂತೆ, ಮಾತಾಡಲಿಲ್ಲ. ಅವಳು: ನನ್ನ ಮುಖ ನೋಡಿದಳು. ಎಕ್ಸ್ ಜಾಗಕ್ಕೆ 7 ಹಾಕಿದಳು, ತಾಳೆಯಾಗಲಿಲ್ಲ. ರಬ್ಬರ್ ತಗೊಂಡಳು.'

ಗಂಟಲು ನೋವು ಕಡಿಮೆಯಾಗಿದೆ. ನಿದ್ದೆ ಇನ್ನೂ ಸರಿಹೋಗಿಲ್ಲ, ಅದಕ್ಕೆ ಮುಂದಿನ ವಾರ ಮತ್ತೆ ಬರುತ್ತಾರೆ.