ಆ ಜಾಗಕ್ಕೆ ಹೆಸರಿದೆ

ಪ್ರಿಯ ಲೇಖಕರೇ,

ನಮಸ್ಕಾರ. ನೀವು ಕಳುಹಿಸಿದ ‘ಕತ್ತಲ ಸುರಂಗದಿಂದ ಬೆಳಕಿನೆಡೆಗೆ’ ಲೇಖನ ತಲುಪಿದೆ. ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ, ಹುಡುಕಿದರೂ ಕಾಗುಣಿತದ ತಪ್ಪು ಸಿಗಲಿಲ್ಲ, ಬರೆದ ಉದ್ದೇಶ ಒಳ್ಳೆಯದು. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಇಷ್ಟನ್ನು ತಿಳಿಸಲು ಸಾಮಾನ್ಯವಾಗಿ ಎರಡು ಸಾಲು ಸಾಕಾಗುತ್ತದೆ. ನಿಮಗೆ ಇಷ್ಟುದ್ದ ಬರೆಯುವಂತೆ ಮಾಡಿದ್ದು ಲೇಖನದ ಜೊತೆಗಿಟ್ಟ ಅರ್ಧ ಪುಟದ ಪತ್ರ.

ಆ ಪತ್ರದಲ್ಲಿ ನೀವು ತಡವಾದುದಕ್ಕೆ ಕ್ಷಮೆ ಕೇಳಿದ್ದೀರಿ. ‘ಭಗಂದರಕ್ಕೆ ನಾಲ್ಕನೆಯ ಸಲ ಆಪರೇಷನ್ ಆಗಿ ಐದು ವಾರವಾಯಿತು. ದಾರ ಇನ್ನೂ ಒಳಗಿದೆ. ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಲಾಗದ ಕಾರಣ ಕಪಾಟಿನ ಮೇಲೆ ಕಾಗದವಿಟ್ಟು ನಿಂತುಕೊಂಡೇ ಬರೆದೆ. ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ’ ಎಂದಿದ್ದೀರಿ. ನಾಲ್ಕೇ ವಾಕ್ಯ. ನಾನು ಕುರ್ಚಿಯಿಂದ ಎದ್ದು ನಿಂತು ಅದನ್ನು ಮತ್ತೊಮ್ಮೆ ಓದಿದೆ. ಆಮೇಲೆ ಲೇಖನ ತೆರೆದೆ. ಅಲ್ಲಿ ಭಗಂದರವೂ ಇಲ್ಲ, ದಾರವೂ ಇಲ್ಲ, ಕಪಾಟೂ ಇಲ್ಲ. ಎಂಟು ಪುಟಗಳಲ್ಲಿ ಒಂದು ಕಡೆಯೂ ನಿಮಗೆ ಕೂರಲು ಕಷ್ಟವೆಂಬ ಸಂಗತಿಯೇ ಬರುವುದಿಲ್ಲ. ನನಗೆ ನಿಜಕ್ಕೂ ಸಿಟ್ಟು ಬಂತು. ಮುಖ್ಯವಾದದ್ದನ್ನೆಲ್ಲ ಬಾಗಿಲ ಹೊರಗೆ ನಿಲ್ಲಿಸಿ ಬಂದಿದ್ದೀರಿ.

ನಿಮ್ಮ ಮೊದಲ ವಾಕ್ಯ: ‘ಆರು ವರ್ಷಗಳ ಹಿಂದೆ ನನ್ನ ದೇಹದ ಹೇಳಬಾರದ ಭಾಗವೊಂದರಲ್ಲಿ ಹೇಳಲಾಗದ ಸಮಸ್ಯೆಯೊಂದು ತಲೆದೋರಿತು.’

ಹೇಳಬಾರದೆಂದು ನಿಮಗೆ ಯಾರು ಹೇಳಿದರು? ಅದು ಗುದದ್ವಾರ. ಕಾಯಿಲೆಯ ಹೆಸರು ಭಗಂದರ, ಗುದದ್ವಾರದ ಒಳಗಿನಿಂದ ಹೊರಚರ್ಮಕ್ಕೆ ಕೀವು ಮಾಡಿಕೊಂಡ ದಾರಿ. ಆಸ್ಪತ್ರೆಯಲ್ಲಿ ಫಿಸ್ಟುಲಾ ಎನ್ನುತ್ತಾರೆ. ಪ್ರಾಚೀನ ಕಾಲದ ಶಸ್ತ್ರವೈದ್ಯ ಸುಶ್ರುತ ಇದನ್ನು ಗುಣಪಡಿಸಲು ಕಷ್ಟವಾದ ಎಂಟು ಮಹಾರೋಗಗಳಲ್ಲಿ ಎಣಿಸಿದ. ಐದು ಬಗೆಯಾಗಿ ವಿಂಗಡಿಸಿ ಒಂದೊಂದಕ್ಕೂ ಹೆಸರಿಟ್ಟ. ಒಂದು ಉಷ್ಟ್ರಗ್ರೀವ, ಅಂದರೆ ಒಂಟೆಯ ಕತ್ತು. ಇನ್ನೊಂದು ಶಂಬೂಕಾವರ್ತ, ಶಂಖದ ಒಳಗಿನ ಸುತ್ತಿನಂಥದ್ದು. ಹತ್ತಿರ ಕೂತು, ಕಣ್ಣಿಟ್ಟು ನೋಡಿದವನಿಗಲ್ಲದೆ ಇಂಥ ಹೆಸರು ಹೊಳೆಯುವುದಿಲ್ಲ. ಅಷ್ಟು ಹಿಂದೆಯೇ ಹೆಸರು ಪಡೆದದ್ದನ್ನು ನೀವು ಇಂದು ‘ಆ ಸಮಸ್ಯೆ’ ಎಂದು ಕರೆಯುತ್ತೀರಿ. ಪೆನ್ಸಿಲ್ ಹಿಡಿದು ಎಣಿಸಿದೆ: ‘ಆ ಸಮಸ್ಯೆ’ 11 ಸಲ, ‘ಆ ಜಾಗ’ 7 ಸಲ. ಓದುವವರು ಅದನ್ನು ಮೂಲವ್ಯಾಧಿ ಎಂದುಕೊಳ್ಳುತ್ತಾರೆ, ಇಲ್ಲವೇ ಅದಕ್ಕಿಂತ ಕೆಟ್ಟದ್ದನ್ನು ಊಹಿಸುತ್ತಾರೆ. ಇದೇ ಕಾಯಿಲೆಯಿಂದ ನರಳುತ್ತಾ, ತನ್ನೊಬ್ಬನಿಗೇ ಹೀಗೆ ಎಂದುಕೊಂಡಿರುವ ಮನುಷ್ಯ ಮಾತ್ರ ನಿಮ್ಮ ಲೇಖನವನ್ನು ಪೂರ್ತಿ ಓದಿಯೂ ಇದು ತನ್ನ ಕತೆಯೆಂದು ಗುರುತಿಸಲಾರ. ನೀವು ಬರೆದದ್ದು ಅವನಿಗಾಗಿಯೇ ಅಲ್ಲವೇ?

ಈ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ಕಾರಣ ಹೇಳುತ್ತೇನೆ.

ನನಗೆ ಆಗ 23 ವರ್ಷ. ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯಲು ಸೇರಿದ್ದೆ. ಆರೋಗ್ಯದ ಪ್ರಶ್ನೋತ್ತರ ಅಂಕಣಕ್ಕೆ ಬಂದ ಪತ್ರಗಳನ್ನು ತಿದ್ದಿ, ಚಿಕ್ಕದು ಮಾಡಿ, ಉತ್ತರ ಬರೆಯುವ ವೈದ್ಯರಿಗೆ ತಲುಪಿಸುವುದು ನನ್ನ ಪಾಲಿನ ಕೆಲಸ. ಒಮ್ಮೆ ಒಬ್ಬರು ನಾಲ್ಕು ಪುಟ ಬರೆದಿದ್ದರು. ಗುದದ್ವಾರದಿಂದ ಎರಡು ಬೆರಳಿನಷ್ಟು ದೂರದಲ್ಲಿ ಸಣ್ಣ ರಂಧ್ರವಿದೆ, ಹದಿನೈದು ದಿನ ಒಣಗಿರುತ್ತದೆ, ಆಮೇಲೆ ಊದಿಕೊಂಡು ಜ್ವರ ಬಂದು ಒಡೆದು ಕೀವು ಹೋಗುತ್ತದೆ, ಎರಡು ಸಲ ಕೊಯ್ಯಿಸಿಕೊಂಡದ್ದಾಯಿತು, ಮತ್ತೆ ಅದೇ ಕತೆ, ಮೂರನೆಯ ಸಲ ಕೊಯ್ಯಿಸಬೇಕೇ ಎಂಬುದು ಅವರ ಪ್ರಶ್ನೆ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಓದುತ್ತಾ ನನ್ನ ಮುಖ ಬಿಸಿಯಾಯಿತು. ಗುದದ್ವಾರ ಎಂಬುದರ ಮೇಲೆ ಗೆರೆ ಎಳೆದು ‘ಗುಪ್ತಾಂಗದ ಬಳಿ’ ಎಂದು ಬರೆದೆ. ಕೀವು ಎಂಬುದನ್ನು ‘ಸ್ರಾವ’ ಮಾಡಿದೆ. ಎರಡು ಆಪರೇಷನ್‌ಗಳನ್ನು ‘ಚಿಕಿತ್ಸೆಯಿಂದ ಗುಣವಾಗಿಲ್ಲ’ ಎಂಬಲ್ಲಿಗೆ ಇಳಿಸಿದೆ. ಸಭ್ಯವಾಗಿ ತಿದ್ದಿದೆನೆಂಬ ಸಮಾಧಾನವೂ ಆಯಿತು. ವೈದ್ಯರು ನನ್ನ ನಾಲ್ಕು ಸಾಲು ನೋಡಿ, ಲೈಂಗಿಕ ರೋಗದ ಪರೀಕ್ಷೆ ಮಾಡಿಸಿಕೊಳ್ಳಿ, ಪತ್ನಿಗೂ ಮಾಡಿಸಿ ಎಂದು ಉತ್ತರಿಸಿದರು. ಕೇಳಿದವರ ಹೆಸರಿನ ಮೊದಲಕ್ಷರಗಳೊಂದಿಗೆ ಅದು ಅಚ್ಚಾಯಿತು.

ಮೂರು ವಾರದ ಮೇಲೆ ಒಂದು ಕಾರ್ಡು ಬಂತು. ‘ನಾನು ಬರೆದದ್ದು ಇದಲ್ಲ. ನನ್ನ ಹೆಂಡತಿ ಇದನ್ನು ಓದಿದಳು.’ ಬೇರೆ ಏನೂ ಇರಲಿಲ್ಲ.

ನಮ್ಮ ಸಂಪಾದಕರು ಬೈಯಲಿಲ್ಲ. ಮೂಲ ಪತ್ರವನ್ನು ಹುಡುಕಿ ತರಿಸಿ, ನಾನು ಹೊಡೆದುಹಾಕಿದ ಒಂದೊಂದು ಪದವನ್ನೂ ನನ್ನಿಂದಲೇ ಗಟ್ಟಿಯಾಗಿ ಓದಿಸಿದರು. ಕಚೇರಿಯ ಎಲ್ಲರೂ ಕೆಲಸ ನಿಲ್ಲಿಸಿ ಕೇಳಿದರು. ಯಾರೂ ನಗಲಿಲ್ಲ. ಆಮೇಲೆ ಅದೇ ವೈದ್ಯರ ಬಳಿಗೆ ನನ್ನನ್ನು ಕಳುಹಿಸಿದರು. ಅವರು ಔಷಧದ ಚೀಟಿಯ ಹಿಂಬದಿಯಲ್ಲಿ ಎರಡು ಉಂಗುರ ಬರೆದರು, ಒಂದರೊಳಗೆ ಒಂದು. ಮಲವನ್ನು ತಡೆದು ಹಿಡಿಯುವ ಸ್ನಾಯುಗಳು ಇವು ಎಂದರು. ಒಳಗಿನ ಗೋಡೆಯಲ್ಲಿರುವ ಪುಟ್ಟ ಗ್ರಂಥಿಯೊಂದಕ್ಕೆ ಸೋಂಕು ತಗುಲಿ ಬಾವು ಕಟ್ಟುತ್ತದೆ, ಆ ಕೀವು ದಾರಿ ಮಾಡಿಕೊಂಡು ಚರ್ಮದವರೆಗೆ ಬಂದು ಒಡೆಯುತ್ತದೆ, ಬಾವು ಇಳಿದರೂ ದಾರಿ ಉಳಿದುಬಿಡಬಹುದು ಎಂದು ಉಂಗುರಗಳ ನಡುವಿನಿಂದ ಒಂದು ಗೆರೆ ಎಳೆದರು. ಆ ಚೀಟಿ ಇನ್ನೂ ನನ್ನ ಬಳಿ ಇದೆ. ನಿಮ್ಮ ಲೇಖನವನ್ನು ಎರಡನೆಯ ಸಲ ಓದುವಾಗ ಅದನ್ನು ಪಕ್ಕದಲ್ಲಿಟ್ಟುಕೊಂಡಿದ್ದೆ.

ಹಾಗಾಗಿಯೇ ನಿಮ್ಮ ಶೀರ್ಷಿಕೆ ನನ್ನನ್ನು ತಡೆದು ನಿಲ್ಲಿಸಿತು. ‘ಕತ್ತಲ ಸುರಂಗ’ ಎಂಬುದನ್ನು ನೀವು ದುಃಖಕ್ಕೆ ಹೋಲಿಕೆಯಾಗಿ ಬಳಸಿದ್ದೀರಿ. ಆದರೆ ನಿಮ್ಮ ಮೈಯೊಳಗೆ ಇರುವುದು ನಿಜವಾಗಿಯೇ ಒಂದು ಸುರಂಗ! ಒಳಗೊಂದು ಬಾಯಿ, ಹೊರಗೊಂದು ಬಾಯಿ. ಹೊರಬಾಯಿ ಮುಚ್ಚಿಕೊಂಡರೆ ನೋಡುವವರು ಗಾಯ ಮಾಯಿತೆಂದು ಸಂತೋಷಪಡುತ್ತಾರೆ. ನಿಮಗೆ ಮಾತ್ರ ಒಳಗೆ ಕೀವು ತುಂಬಿಕೊಳ್ಳುತ್ತಿರುವುದು ಗೊತ್ತಿರುತ್ತದೆ. ಮತ್ತೆ ಒಡೆದು ಬಟ್ಟೆ ಒದ್ದೆಯಾದಾಗ ನೋವು ಇಳಿಯುತ್ತದೆ. ಗಾಯ ಮುಚ್ಚಿದರೆ ಭಯ, ಒಡೆದರೆ ಬಿಡುಗಡೆ. ಇಂಥ ವಿಚಿತ್ರವಾದ ಬದುಕನ್ನು ಆರು ವರ್ಷ ಬದುಕಿದವರು ನೀವು. ಅದು ಲೇಖನದಲ್ಲಿ ಬಂದರೆ ಹೋಲಿಕೆಗಳು ತಾವಾಗಿಯೇ ಉದುರಿಹೋಗುತ್ತವೆ. ಶೀರ್ಷಿಕೆಯಲ್ಲಿ ಸುರಂಗವನ್ನು ಉಳಿಸಿಕೊಳ್ಳಿ, ಕತ್ತಲು ಬೆಳಕು ಎರಡನ್ನೂ ತೆಗೆಯಿರಿ.

ಮೂರನೆಯ ಪುಟದಲ್ಲಿದೆ ಈ ವಾಕ್ಯ: ‘ಆರು ವರ್ಷಗಳಲ್ಲಿ ನಾಲ್ಕು ಶಸ್ತ್ರಚಿಕಿತ್ಸೆಗಳನ್ನು ಎದುರಿಸಿ, ಛಲ ಬಿಡದೆ ಹೋರಾಡಿದೆ.’

ಇದರ ಅಡಿಯಲ್ಲಿ ಎರಡು ಗೆರೆ ಎಳೆದಿದ್ದೇನೆ. ನಾಲ್ಕೂ ಒಂದೇ ಬಗೆಯವಾಗಿದ್ದವೇ? ಮೊದಲನೆಯದು ಬಾವು ಕೊಯ್ದು ಕೀವು ತೆಗೆದದ್ದು ಮಾತ್ರವೇ? ‘ಸಣ್ಣ ಕೆಲಸ, ನಾಳೆಯೇ ಮನೆಗೆ ಹೋಗಬಹುದು’ ಎಂದು ಯಾರಾದರೂ ಹೇಳಿದ್ದರೇ? ಸುರಂಗವನ್ನು ಉದ್ದಕ್ಕೂ ಸೀಳಿ, ಹೊಲಿಗೆ ಹಾಕದೆ ತೆರೆದೇ ಬಿಟ್ಟು, ತಳದಿಂದ ಮಾಯಲಿ ಎಂದರೇ? ಸ್ಕ್ಯಾನಿಂಗ್‌ನಲ್ಲಿ ಮೊದಲ ಸಲ ಕಾಣದ ಕವಲು ಎರಡನೆಯ ಸಲ ಕಂಡಿತೇ? ಮೊದಲ ಸಲ ಆಸ್ಪತ್ರೆಗೆ ಹೋದವರು ಧೈರ್ಯದ ಮಾತುಗಳನ್ನು ನಂಬಿರುತ್ತಾರೆ. ನಾಲ್ಕನೆಯ ಸಲ ಹೋಗುವವರು ಚೀಲಕ್ಕೆ ಏನೇನು ತುಂಬಬೇಕೆಂದು ಯಾರನ್ನೂ ಕೇಳುವುದಿಲ್ಲ, ಅರಿವಳಿಕೆಗೆ ಯಾವ ಮಗ್ಗುಲಿಗೆ ಹೇಗೆ ಬಾಗಬೇಕೆಂಬುದು ಅವರ ಬೆನ್ನಿಗೇ ನೆನಪಿರುತ್ತದೆ. ಈ ಎರಡರ ನಡುವೆ ನಿಮ್ಮಲ್ಲಿ ಏನಾಯಿತು ಎಂಬುದೇ ನಿಮ್ಮ ಲೇಖನ. ಅದನ್ನು ‘ಎದುರಿಸಿ’ ಎಂಬ ಒಂದು ಪದದಲ್ಲಿ ಮುಗಿಸಿದ್ದೀರಿ.

ಅದೇ ಪ್ಯಾರಾದಲ್ಲಿ ‘ವೈದ್ಯರಿಗೂ ಇದು ಅರ್ಥವಾಗಲಿಲ್ಲ’ ಎಂದಿದ್ದೀರಿ. ಇರಬಹುದು. ಆದರೂ ಒಮ್ಮೆ ಯೋಚಿಸಿ. ಸುರಂಗ ಆ ಉಂಗುರ ಸ್ನಾಯುವಿನ ಬಹುಭಾಗವನ್ನು ದಾಟಿ ಹೋಗಿದ್ದರೆ ಒಂದೇ ಏಟಿಗೆ ಸೀಳುವಂತಿಲ್ಲ. ಸೀಳಿದರೆ ಮಲವನ್ನು ತಡೆಯುವ ಶಕ್ತಿಯೇ ಕುಂದಬಹುದು. ಅದಕ್ಕೇ ಸುರಂಗದೊಳಗೆ ದಾರ ತೂರಿಸಿ, ಹೊರಗೆ ಗಂಟು ಹಾಕಿ, ಕೀವು ಸೋರಿಹೋಗಲು ದಾರಿ ಇಟ್ಟು, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯುತ್ತಾರೆ. ಆಮೇಲೆ ಮತ್ತೊಂದು ಆಪರೇಷನ್. ಹೀಗೆ ಹಂತ ಹಂತವಾಗಿ ಮಾಡುವುದೂ ಉಂಟು, ಮಾಡಿದ್ದು ಸೋತು ಮತ್ತೆ ಮಾಡಬೇಕಾಗುವುದೂ ಉಂಟು. ನಿಮ್ಮ ನಾಲ್ಕರಲ್ಲಿ ಯಾವುದು ಯಾವುದೆಂದು ಓದುಗನಿಗೆ ಹೇಳಿ. 1686ರ ನವೆಂಬರ್‌ನಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿಗೆ ಫೆಲಿಕ್ಸ್ ಎಂಬ ಶಸ್ತ್ರವೈದ್ಯ ಮಾಡಿದ್ದೂ ಭಗಂದರದ ಶಸ್ತ್ರಚಿಕಿತ್ಸೆಯೇ. ಅರಿವಳಿಕೆ ಇಲ್ಲದ ಕಾಲ. ಆತನಿಗೂ ಕೆಲವೇ ವಾರಗಳಲ್ಲಿ ಮತ್ತೆ ಕತ್ತಿ ತಾಗಿಸಬೇಕಾಯಿತು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ, ಮಲ ತಡೆಯುವ ಶಕ್ತಿ ಕುಂದಬಹುದೆಂಬ ಅಪಾಯದ ಸಾಲನ್ನು ನೀವು ಓದಿರಲೇಬೇಕು. ಲೇಖನದಲ್ಲಿ ಅದರ ಸುಳಿವೇ ಇಲ್ಲ. ನಾಲ್ಕು ಸಲ ಆ ಸಾಲಿನ ಕೆಳಗೆ ಸಹಿ ಹಾಕಿದ ಕೈಯ ಬಗ್ಗೆ ನನಗೆ ಓದಬೇಕಿದೆ. ಛಲದ ವಿಷಯ ಆಮೇಲೆ ಬರೆಯಬಹುದು.

ಇನ್ನೊಂದೇ ವಾಕ್ಯ ಹಿಡಿಯುತ್ತೇನೆ. ಐದನೆಯ ಪುಟ: ‘ಮನೆಯವರ ಸಹಕಾರದಿಂದ ಚೇತರಿಸಿಕೊಂಡೆ.’

ಯಾವ ಮನೆಯವರು? ಏನು ಸಹಕಾರ? ನಿಮ್ಮ ಗಾಯ ನಿಮಗೆ ಕಾಣುವ ಜಾಗದಲ್ಲಿಲ್ಲ. ಹಾಗಾದರೆ ದಿನವೂ ಅದನ್ನು ನೋಡಿದವರು ಯಾರು? ಹತ್ತಿ ತೆಗೆದು, ತೊಳೆದು, ಹೊಸ ಡ್ರೆಸ್ಸಿಂಗ್ ಇಟ್ಟವರು ಯಾರು? ‘ಇವತ್ತು ಹೇಗಿದೆ?’ ಎಂದು ನೀವು ಹಾಸಿಗೆಯ ಮೇಲೆ ಮಗ್ಗುಲಾಗಿ ಗೋಡೆಗೆ ಮುಖ ಮಾಡಿಕೊಂಡು ಕೇಳಿದ್ದಿರಬೇಕು. ಅವರು ಉತ್ತರಿಸುವ ಮೊದಲು ಎಷ್ಟು ಹೊತ್ತು ಸುಮ್ಮನಿದ್ದರು? ಬೆಚ್ಚಗಿನ ನೀರು ತುಂಬಿದ ಟಬ್‌ನಲ್ಲಿ ದಿನಕ್ಕೆ ಮೂರು ಸಲ ಕೂರುವಾಗ ಬಾಗಿಲು ಹಾಕಿಕೊಳ್ಳುತ್ತಿದ್ದಿರೋ, ಯಾರಾದರೂ ಹೊರಗೆ ಕಾಯುತ್ತಿದ್ದರೋ? ಮೊದಲ ದಿನ ಅವರ ಕೈ ನಡುಗಿರಬಹುದು, ಮೂವತ್ತನೆಯ ದಿನ ಬೇರೆ ಏನನ್ನೋ ಮಾತಾಡುತ್ತಾ ಗಂಟನ್ನು ಒರೆಸಿರಬಹುದು. ಅವರನ್ನು ‘ಮನೆಯವರ ಸಹಕಾರ’ದಲ್ಲಿ ಅಡಗಿಸಿಡುವುದು ಅವರಿಗೆ ಮಾಡುವ ಅನ್ಯಾಯ. ಅವರ ಅನುಮತಿ ಕೇಳಿ. ಒಪ್ಪದಿದ್ದರೆ ಆ ಭಾಗ ಬೇಡ, ಖಂಡಿತ ಬೇಡ. ಒಪ್ಪಿದರೆ ಅಲ್ಲಿಂದಲೇ ಶುರು ಮಾಡಿ.

ಕೊನೆಯ ಪುಟದಲ್ಲಿ ‘ಕೊನೆಗೂ ನಾನು ಗೆದ್ದೆ’ ಎಂದಿದೆ. ಇದನ್ನು ನಾನು ಒಪ್ಪುವುದಿಲ್ಲ. ದಾರ ಇನ್ನೂ ಒಳಗಿದೆಯೆಂದು ನೀವೇ ಬರೆದಿದ್ದೀರಿ. ಸುರಂಗ ಮುಚ್ಚುತ್ತದೆಯೋ ಇಲ್ಲವೋ ನಿಮಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಬೆಳಿಗ್ಗೆ ಎದ್ದು ಮೊದಲು ಬಟ್ಟೆಯ ಮೇಲಿನ ಕಲೆ ನೋಡಿಕೊಳ್ಳುವವರು, ಅದು ನಿನ್ನೆಗಿಂತ ಕಾಸಿನಗಲ ಕಡಿಮೆಯಿದ್ದರೆ ಇಡೀ ದಿನ ಹಗುರಾಗುವವರು ಗೆಲುವಿನ ಮಾತನ್ನು ನಂಬುವುದಿಲ್ಲ. ಗೆದ್ದ ಲೇಖನಕ್ಕೆ ಮಾತ್ರ ಜಾಗ ಸಿಗುತ್ತದೆಂದು ನಮ್ಮಂಥ ಸಂಪಾದಕರೇ ನಿಮಗೆ ಕಲಿಸಿರಬಹುದು. ಹಾಗಿದ್ದರೆ ಆ ತಪ್ಪು ನಮ್ಮದು. ದಾರ ಇರುವಾಗಲೇ ಬರೆಯಿರಿ, ದಾರ ಇದೆಯೆಂದೇ ಬರೆಯಿರಿ, ಅಲ್ಲಿಗೇ ನಿಲ್ಲಿಸಿ.

ಉಳಿದ ಪುಟಗಳ ಬಗ್ಗೆ ಈಗ ಮಾತು ಬೇಡ. ಧ್ಯಾನ, ಸಕಾರಾತ್ಮಕ ಚಿಂತನೆಯ ಭಾಗವನ್ನು ನೀವೇ ಕೈಬಿಡುತ್ತೀರಿ ಎಂದುಕೊಂಡಿದ್ದೇನೆ.

ಲೇಖನವನ್ನು ಇದರ ಜೊತೆ ಹಿಂದಿರುಗಿಸುತ್ತಿದ್ದೇನೆ. ಜೊತೆಗಿನ ಆ ಅರ್ಧ ಪುಟವನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ. ಅದರ ನಕಲು ಲಗತ್ತಿಸಿದೆ, ಅದನ್ನೇ ಮೊದಲ ಪುಟ ಮಾಡಿಕೊಳ್ಳಿ. ಗಡುವು ಯಾವುದೂ ಇಲ್ಲ. ಎಂಟು ಪುಟ ಒಟ್ಟಿಗೆ ಬರೆಯಲು ನಿಂತುಕೊಂಡಿರಬೇಡಿ. ಹತ್ತು ನಿಮಿಷಕ್ಕೆ ಎಷ್ಟಾಗುತ್ತದೋ ಅಷ್ಟು ಬರೆದು, ಒಂದೊಂದೇ ಹಾಳೆಯನ್ನು ಕಳುಹಿಸುತ್ತಾ ಬನ್ನಿ. ಅಕ್ಷರ ಸೊಟ್ಟಗಿರಲಿ, ನಾನು ಓದಿಕೊಳ್ಳುತ್ತೇನೆ.

ವಿಶ್ವಾಸದಿಂದ,
ಸಂಪಾದಕ